ಎರಡು ಆವರ್ತನ

ಹಾಡಿನ ಮೊದಲ ಸಾಲು ನುಡಿಸಿ ಮಧುಕೇಶ್ವರ ಮಾಸ್ತರರು ಹಾರ್ಮೋನಿಯಂ ಮೇಲಿನ ಬೆರಳು ಎತ್ತಿಬಿಟ್ಟರು. ವೀರಪ್ಪನ ತಬಲಾ ಮಾತ್ರ ನಡೆದಿತ್ತು. ಮಾಸ್ತರರು ಕತ್ತೆತ್ತಿ ಎಡಕ್ಕೆ ನೋಡುತ್ತಿದ್ದರು. ಅಲ್ಲಿ ಹೈಸ್ಕೂಲಿನ ಗೋಡೆಗೆ ತೂಗುಹಾಕಿದ್ದ ಹೊಸ ಮೈಸೂರು ರಾಜ್ಯದ ನಕಾಶೆ ಬಿಟ್ಟರೆ ಏನೂ ಇರಲಿಲ್ಲ. ತಾಳದ ಎರಡು ಆವರ್ತನ ಹಾಗೇ ಕಳೆದವು. ವೀರಪ್ಪ ಮೆಲ್ಲಗೆ ಕೆಮ್ಮಿದ ಮೇಲೆ ಅವರಿಗೆ ಎಚ್ಚರವಾಗಿ, ಗಡಬಡಿಸಿ ಮುಂದಿನ ಸಾಲಿಗೆ ಬಂದರು. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ನಗಲಿ ಬಿಡಿ, ಅವರಿಗೇನು ಗೊತ್ತು. ಮೂವತ್ತೊಂದು ವರ್ಷ ಮಾಸ್ತರರು ನಾಟಕ ಕಂಪನಿಯ ರಂಗದ ಬುಡದಲ್ಲಿ ಕಾಲುಪೇಟಿಯ ಮುಂದೆ ಕೂತವರು. ಕಾಲಿನಿಂದ ತಿದಿ ತುಳಿಯುತ್ತ ಎರಡೂ ಕೈಯಿಂದ ನುಡಿಸುವ ಹಳೆಯ ಹಾರ್ಮೋನಿಯಂ ಅದು. ಪ್ರೇಕ್ಷಕರಿಗೆ ಕಾಣುತ್ತಿದ್ದುದು ಅವರ ಬೋಳುತಲೆ ಮಾತ್ರ. ಅವರು ಒಂದು ಸಾಲು ಎತ್ತಿಕೊಟ್ಟು ಸುಮ್ಮನಾದರೆ, ಮೇಲೆ ರಂಗದ ಎಡಗಡೆ ನಿಂತ ನಟಿ ಗುರುಶಾಂತವ್ವ ಎರಡು ಆವರ್ತನ ತುಂಬ ಹಾಡುತ್ತಿದ್ದಳು. ಜನ 'ವನ್ಸ್ ಮೋರ್' ಕೂಗುತ್ತಿದ್ದುದೂ ಅವಳಿಗೇ. ಕೂಗು ಬಂದಾಗ ಅವಳು ಗದ್ದ ಎತ್ತಿ ಸನ್ನೆ ಮಾಡಬೇಕು. ಅಲ್ಲಿಯವರೆಗೆ ಪೇಟಿ ಮತ್ತೆ ಶುರುವಾಗುವಂತಿರಲಿಲ್ಲ. ಅದು ಕಂಪನಿಯ ಪದ್ಧತಿ.

ಹೋದ ವರ್ಷ ಗುರುಶಾಂತವ್ವನ ಗಂಟಲಲ್ಲಿ ಗಡ್ಡೆ ಎದ್ದಿತು. ಮಿರಜಿನಲ್ಲಿ ಶಸ್ತ್ರಕ್ರಿಯೆಯಾಗಿ ಜೀವ ಉಳಿಯಿತು, ದನಿ ಉಳಿಯಲಿಲ್ಲ. ಅವಳು ಸಿದ್ದಾಪುರದ ತಂಗಿಯ ಮನೆ ಸೇರಿದಳು. ಅವಳಿಲ್ಲದ ಕಂಪನಿ ಯಲ್ಲಾಪುರದ ಕ್ಯಾಂಪಿನಲ್ಲೇ ಪರದೆ ಇಳಿಸಿತು. ಮಾಸ್ತರರು ಬನವಾಸಿಗೆ ಮರಳಿ ಜಗಲಿಯ ಮೇಲೆ ಮಕ್ಕಳಿಗೆ ಸರಿಗಮ ಹೇಳಿಕೊಡುತ್ತ ಕೂತರು.

ಶಿರಸಿಯ ಜವಳಿ ವ್ಯಾಪಾರಿ ಚಂದ್ರಶೇಖರಪ್ಪನವರು ಸಂಗೀತದ ಹುಚ್ಚಿನವರು. ಈ ಸೋಲೊ ಕಛೇರಿ ಅವರದೇ ಏರ್ಪಾಡು. ಕಾಲುಪೇಟಿ ನಾಟಕದ್ದು, ಕಛೇರಿಗೆ ಒಪ್ಪುವುದಿಲ್ಲ ಎಂದು ತಮ್ಮ ಹೊಸ ಕೈಪೇಟಿಯನ್ನು ಕೊಟ್ಟಿದ್ದರು. ಹುಬ್ಬಳ್ಳಿಯ ಸಂಗೀತ ಸಭೆಯೊಂದರ ಕಾರ್ಯದರ್ಶಿಯನ್ನೂ ಕರೆಸಿದ್ದರು. ಅವರು ಮೆಚ್ಚಿದರೆ ಹುಬ್ಬಳ್ಳಿಯಲ್ಲಿ ಕಛೇರಿ, ಇಲ್ಲದಿದ್ದರೆ ಮತ್ತೆ ಜಗಲಿ. ಐವತ್ತನಾಲ್ಕರ ವಯಸ್ಸಿನಲ್ಲಿ ಮಾಸ್ತರರಿಗೆ ಒಂದೇ ಆಸೆಯಿತ್ತು. ಜನ ಒಮ್ಮೆಯಾದರೂ ತಮ್ಮ ಬೆರಳನ್ನೇ ಕೇಳಬೇಕು. ಇದನ್ನು ಯಾರ ಮುಂದೆಯೂ ಹೇಳಿಕೊಳ್ಳಲು ಅವರಿಗೆ ನಾಚಿಕೆ.

ಎರಡನೆಯ ಹಾಡಿನಲ್ಲೂ ಅದೇ ಆಯಿತು. ಬೆರಳು ತಾನಾಗಿಯೇ ಎದ್ದಿತು, ಕತ್ತು ಎಡಕ್ಕೆ ಹೊರಳಿತು. ಮೂರು ತಿಂಗಳು ಮನೆಯಲ್ಲಿ ಅಭ್ಯಾಸ ಮಾಡುವಾಗ ಈ ಖಾಲಿ ಜಾಗ ಅವರಿಗೆ ಗೊತ್ತೇ ಆಗಿರಲಿಲ್ಲ. ಅಲ್ಲಿ ಅವರ ಕಿವಿಯೊಳಗೆ ಗುರುಶಾಂತವ್ವ ಹಾಡುತ್ತಿದ್ದಳು. ಮುಂದಿನ ಸಾಲಿನಲ್ಲಿದ್ದ ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಚಂದ್ರಶೇಖರಪ್ಪನವರು ಎದ್ದು ಚಹಾದ ವಿರಾಮ ಸಾರಿ ಮರ್ಯಾದೆ ಉಳಿಸಿದರು.

ಮಾಸ್ತರರು ಹೊರಗೆ ಬಂದರೆ ವರಾಂಡದ ಕಂಬದ ಹತ್ತಿರ ಗುರುಶಾಂತವ್ವ ನಿಂತಿದ್ದಳು. ಮಧ್ಯಾಹ್ನದ ಬಸ್ಸಿಗೆ ಬಂದು ಹೆಂಗಸರ ಸಾಲಿನಲ್ಲಿ ಕೂತಿದ್ದಳಂತೆ. ಕೊರಳಿಗೆ ಸೆರಗು ಸುತ್ತಿಕೊಂಡಿದ್ದಳು. ಅವಳನ್ನು ನೋಡಿ ಮಾಸ್ತರರ ಕಣ್ಣು ತುಂಬಿತು.

"ನನ್ನ ಕೈಲೆ ಆಗವಲ್ದು ಗುರುಶಾಂತವ್ವ," ಎಂದರು. "ನಿನ್ನ ಜಾಗಾಕ್ಕ ಬಂದ ಕೂಡ್ಲೆ ಕೈ ನಿಂದರ್ತದ."

ಅವಳು ಹತ್ತಿರ ಬಂದಳು. ಬರೀ ಉಸಿರಿನಲ್ಲಿ ಮಾತಾಡಬೇಕಿತ್ತು, ಒಂದೊಂದು ಮಾತಿಗೂ ತಡೆಯಬೇಕಿತ್ತು.

"ಇಷ್ಟ ವರ್ಷ ನಿಮ್ಮ ಪೇಟಿ ನಾ ಕೇಳೇ ಇಲ್ರಿ ಮಾಸ್ತರ. ನನ್ನ ದನೀನ ಕೇಳ್ಕೋತ ನಿಂತೆ. ಇವತ್ತ ಕೇಳಾಕ ಬಂದೀನಿ."

ಮಾಸ್ತರರ ಕೈಯಲ್ಲಿದ್ದ ಚಹಾ ಆರಿಹೋಗಿತ್ತು, ಅದನ್ನೇ ಕುಡಿದು ಒಳಗೆ ಹೋದರು.

ಮೂರನೆಯ ಹಾಡು ಅವಳದೇ, ಕಂಪನಿಗೆ ಹೆಸರು ತಂದದ್ದು. ಮೊದಲ ಸಾಲು ಮುಗಿಯಿತು. ವೀರಪ್ಪ ಹೆದರಿ ಮಾಸ್ತರರ ಕೈಯನ್ನೇ ನೋಡಿದ. ಬೆರಳು ಒಂದು ಕ್ಷಣ ಎದ್ದಿತು, ಮತ್ತೆ ಇಳಿಯಿತು. ಅವಳು ಹಾಡುತ್ತಿದ್ದುದನ್ನೇ ನುಡಿಸಿದರು. ಅವಳು ಎಳೆಯುತ್ತಿದ್ದ ಕಡೆ ಎಳೆದರು, ಉಸಿರು ತೆಗೆದುಕೊಳ್ಳುತ್ತಿದ್ದ ಕಡೆ ತಿದಿಯ ಮೇಲಿನ ಎಡಗೈ ತಡೆದರು. ಜಮಖಾನೆಯ ಮೇಲೆ ಮಡಚಿದ್ದ ಬಲಗಾಲು ಇಲ್ಲದ ಕಾಲುಪೇಟಿಯನ್ನು ತುಳಿಯುತ್ತಿತ್ತು. ಪೇಟಿಯ ದನಿ ಎರಡು ಆವರ್ತನ ತುಂಬಿ ಮುಂದಕ್ಕೂ ಹರಿಯಿತು.

ಹಾಡು ಮುಗಿಯಿತು. ಮೊದಲು 'ವನ್ಸ್ ಮೋರ್' ಎಂದವರು ಹುಬ್ಬಳ್ಳಿಯ ಕಾರ್ಯದರ್ಶಿಯೇ. ಆಮೇಲೆ ಎಲ್ಲರೂ ಕೂಗಿದರು. ಮಾಸ್ತರರು ಪೇಟಿ ಮುಟ್ಟಲಿಲ್ಲ. ಕೈ ತೊಡೆಯ ಮೇಲಿಟ್ಟುಕೊಂಡು ಹೆಂಗಸರ ಸಾಲಿನತ್ತ ನೋಡುತ್ತ ಕೂತರು. ಇವರು ಯಾಕೆ ಶುರು ಮಾಡುತ್ತಿಲ್ಲವೆಂದು ಜನ ಒಬ್ಬರನ್ನೊಬ್ಬರು ನೋಡಿದರು.

ಗುರುಶಾಂತವ್ವ ಕೊರಳಿನ ಸೆರಗು ಸರಿಸಿ ಗದ್ದ ಎತ್ತಿದಳು.