ಗಂಗುಲಪ್ಪ ಹೇಳದ ಸುದ್ದಿ

"ಗಂಗುಲಪ್ಪ ಮೈಕಲ್ಲಿ ಹೇಳ್ಲಿ, ತಗೊಂಡ್ಹೋಗ್ತೀನಿ" ಎನ್ನುತ್ತ ಚಿಂತಾಮಣಿ ಬಸ್ಸಿನ ಕಂಡಕ್ಟರ್ ರಾಮಾಂಜಿನಪ್ಪ ಬಾಗಿಲಿಗೆ ಅಡ್ಡ ಕೈಯಿಟ್ಟ.

"ಗಂಗುಲಪ್ಪನೇ ಕಣಯ್ಯ ಹೋಗಿರೋದು. ಬೆಳಿಗ್ಗೆ ಕಾಫಿ ಲೋಟ ಕೈಯಾಗಿತ್ತು, ಹಂಗೇ ವಾಲ್ಕೊಂಡ" ಎಂದ ಮುನಿಶಾಮಪ್ಪ. ಅವನು ಸತ್ತವನ ಹೆಂಡತಿಯ ತಮ್ಮ.

"ನೋಡಿದೋರ್ಯಾರು?"

"ನಾನೇ."

"ಕೋನಪ್ಪನ ಸುದ್ದೀನೂ ಭಾಮೈದನೇ ತಂದಿದ್ದು. ಆಗ ಗೌರಿಬಿದನೂರು ಬಸ್ಸಲ್ಲಿದ್ದೆ, ಅದನ್ನ ಹೊತ್ಕೊಂಡೋಗಿ ಅಲ್ಲಿ ಏಟು ತಿಂದೋನು ನಾನು."

ಪಕ್ಕದ ಬಸ್ಸಿನಿಂದ ಚಿಕ್ಕಬಳ್ಳಾಪುರದ ಕಂಡಕ್ಟರ್ ಲಕ್ಷ್ಮಯ್ಯ ತಲೆ ಹೊರಹಾಕಿದ. "ಸ್ವಲ್ಪ ತಡಿಯಪ್ಪ. ಇಂಟ್ರವಲ್ ಆದ್ಮೇಲೆ ಹೀರೋ ಎದ್ದು ಬಂದ್ರೂ ಬಂದ."

ಶಿಡ್ಲಘಟ್ಟದ ಬಸ್ ನಿಲ್ದಾಣದ ಪಕ್ಕದ ಪಾರ್ಕಿನಲ್ಲಿ ಪುರಸಭೆಯ ರೇಡಿಯೋ ಇತ್ತು. ಮಧ್ಯಾಹ್ನದ ವಾರ್ತೆ ಮುಗಿದೊಡನೆ ಗಂಗುಲಪ್ಪ ರೇಡಿಯೋ ಆರಿಸಿ, ಮೈಕು ಹಿಡಿದು ಊರಿನ ವಾರ್ತೆ ಹೇಳುತ್ತಿದ್ದ. ಯಾರ ಎಮ್ಮೆ ತಪ್ಪಿಸಿಕೊಂಡಿತು, ರೇಷ್ಮೆ ಗೂಡಿನ ರೇಟು ಏನಾಯಿತು, ಟೆಂಟಿಗೆ ಯಾವ ಸಿನಿಮಾ ಬಂತು, ಯಾರು ತೀರಿಕೊಂಡರು. ಬಸ್ಸುಗಳು ಅದನ್ನು ಕೇಳಿಸಿಕೊಂಡೇ ಹೊರಡುತ್ತಿದ್ದವು. ಸಂಜೆಯೊಳಗೆ ಆ ಸುದ್ದಿ ಕಂಡಕ್ಟರುಗಳ ಬಾಯಲ್ಲಿ ಸುತ್ತಲ ಸಂತೆಗಳನ್ನೆಲ್ಲ ಮುಟ್ಟಿರುತ್ತಿತ್ತು.

ಇವತ್ತು ಮುಟ್ಟಬೇಕಾಗಿದ್ದದ್ದು ಅವನ ಒಬ್ಬಳೇ ಮಗಳು ಮಂಗಮ್ಮನಿಗೆ. ಸಂತೆಯಿಂದ ಸಂತೆಗೆ ಮೆಣಸಿನಕಾಯಿ ಮಾರುವವಳು ಅವಳು. ಚಿಂತಾಮಣಿಯಲ್ಲೋ ಗೌರಿಬಿದನೂರಲ್ಲೋ ಯಾರಿಗೂ ಗೊತ್ತಿಲ್ಲ. ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬೇಕು.

"ಸಂಬಂಧ ಇಲ್ದೋರು ಯಾರಾದ್ರೂ ಮುಟ್ಟಿ ನೋಡಿ ಬಂದು ಹೇಳ್ಲಿ" ಎಂದ ರಾಮಾಂಜಿನಪ್ಪ. "ಅದೂ ನಿಮ್ಮ ಭಾವನೇ ಮಾಡಿದ ಕಾನೂನು. ವಾರ್ತೆ ಮುಗಿಯೋ ತಂಕ ನಿಂತಿರ್ತೀನಿ."

*

ಐವತ್ತೆಂಟನೇ ಇಸವಿಯಲ್ಲಿ ರೇಷ್ಮೆ ನೂಲು ತೆಗೆಯುವ ಕೋನಪ್ಪ ಹೊಟ್ಟೆನೋವೆಂದು ಬೆಂಗಳೂರಿನ ಆಸ್ಪತ್ರೆ ಸೇರಿದ್ದ. ಒಂದು ದಿನ ಅವನ ಭಾಮೈದ ಅಳುತ್ತ ಬಂದು, ಮಂಚ ಖಾಲಿಯಾಗಿದೆ, ಭಾವ ಹೋದ ಎಂದ. ಗಂಗುಲಪ್ಪ ತಕ್ಷಣ ಮೈಕು ಹಿಡಿದ. ಗೌರಿಬಿದನೂರಿನ ನೆಂಟರು ಗಾಡಿ ಕಟ್ಟಿಕೊಂಡು ಬಂದರು. ಕೋನಪ್ಪನ ಹೆಂಡತಿ ಚಿಕ್ಕವೆಂಕಟಮ್ಮನ ಬಳೆ ಒಡೆದರು.

ಮಾರನೆಯ ದಿನ ಕೋನಪ್ಪ ಬಸ್ಸಿಳಿದು ಬಂದ. ಆಸ್ಪತ್ರೆಯವರು ಅವನನ್ನು ಬೇರೆ ವಾರ್ಡಿಗೆ ಹಾಕಿದ್ದರು, ಅಷ್ಟೇ. ತನ್ನ ಮನೆ ಮುಂದೆ ಹೊಗೆಯಾಡುತ್ತಿದ್ದ ಬೆಂಕಿಯನ್ನು ನೋಡಿ, "ಯಾರು ಹೋದ್ರಪ್ಪ?" ಎಂದು ಅವನೇ ಕೇಳಿದ.

ಒಮ್ಮೆ ಒಡೆದ ಕೈಗೆ ಮತ್ತೆ ತೊಡಿಸಲು ಬಳೆಗಾರ ಒಪ್ಪಲಿಲ್ಲ. ಕೋನಪ್ಪ ತಾನೇ ಹೆಂಡತಿಗೆ ಬಳೆ ಹಾಕಿದ. ಅಂದಿನಿಂದ ಅವನು ಗಂಗುಲಪ್ಪನ ಜೊತೆ ಮಾತಾಡಲಿಲ್ಲ. ಗಂಗುಲಪ್ಪನೂ ಅಂದಿನಿಂದ ಸೈಕಲ್ಲು ತುಳಿದುಕೊಂಡು ಹೋಗಿ, ಹೆಣದ ಪಾದ ಮುಟ್ಟಿ ನೋಡದೆ ಯಾರ ಸಾವನ್ನೂ ಹೇಳಲಿಲ್ಲ.

*

ಮುನಿಶಾಮಪ್ಪ ಬರಿಗೈಯಲ್ಲಿ ಮನೆಗೆ ಬಂದಾಗ ಕೋನಪ್ಪ ಎದುರು ಮನೆಯ ಜಗಲಿಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಸಾವಿನ ಮನೆಯೊಳಕ್ಕೆ ಅಳಲೂ ಬಂದಿರಲಿಲ್ಲ, ಎದ್ದು ಹೋಗಲೂ ಮನಸ್ಸಿರಲಿಲ್ಲ.

ತಮ್ಮ ಹೇಳಿದ್ದನ್ನು ಕೇಳಿಸಿಕೊಂಡ ಗಂಗುಲಪ್ಪನ ಹೆಂಡತಿ ಅಶ್ವತ್ಥಮ್ಮ ಹೆಣದ ತಲೆದೆಸೆಯಿಂದೆದ್ದು ಸೀದಾ ರಸ್ತೆ ದಾಟಿದಳು.

"ಕೋನಪ್ಪಣ್ಣ, ಒಳಕ್ಕೆ ಬಂದು ಮುಟ್ಟಿ ನೋಡು."

"ನಾನ್ಯಾಕಮ್ಮ?"

"ನೀನು ಹೇಳಿದ್ರೆ ನಂಬ್ತಾರೆ. ನಿಂಗೆ ಅವ್ರನ್ನ ಕಂಡ್ರೆ ಆಗ್ತಿರ್ಲಿಲ್ಲ ಅಂತ ಊರಿಗೆಲ್ಲ ಗೊತ್ತು."

"ನಮ್ಮನೆಯೋಳು ಬಳೆ ಒಡಿಸ್ಕೊಂಡು ಕೂತಿದ್ದು ನೆನಪೈತಾ?"

"ಐತೆ. ಇವತ್ತು ನನ್ನ ಕೈ ನೋಡು. ಮಗಳು ಅಪ್ಪನ ಮುಖ ನೋಡ್ಲಿ, ಆಮೇಲೆ ನೀನು ಎಷ್ಟು ಬೇಕಾದ್ರೂ ಬೈಕೊ. ನಾನೇ ಕೂತು ಕೇಳ್ತೀನಿ."

ಕೋನಪ್ಪ ಬೀಡಿ ಎಸೆದ. ಒಳಗೆ ಹೋಗಿ ಪಾದ ಮುಟ್ಟಿದ. ಕೈ ತೆಗೆಯಲು ತುಸು ಹೊತ್ತು ಹಿಡಿಯಿತು. "ಸರಿಯಾಗೇ ಹೋಗವ್ನೆ" ಎಂದು, ಟವೆಲು ಹೆಗಲಿಗೇರಿಸಿ ಪಾರ್ಕಿನ ಕಡೆ ದಾಪುಗಾಲಿಟ್ಟ.

ವಾರ್ತೆ ಮುಗಿಯಿತು. ಸ್ಪೀಕರಿನಲ್ಲಿ ಕೆಮ್ಮು ಕೇಳಿಸಿತು.

"ನಾನು ಕೋನಪ್ಪ. ಬದುಕಿದ್ದೀನಿ. ಗಂಗುಲಪ್ಪ ಇಲ್ಲ. ಮುಟ್ಟಿ ನೋಡ್ಕೊಂಡೇ ಬಂದೆ. ಮಗಳು ಮಂಗಮ್ಮ ಯಾವ ಸಂತೇಲಿದ್ರೂ ಬಸ್ಸು ಹತ್ಸಿ ಕಳ್ಸ್ರಪ್ಪ. ಗೂಡಿನ ರೇಟು ನಂಗೊತ್ತಿಲ್ಲ."

ರಾಮಾಂಜಿನಪ್ಪ ಬಾಗಿಲಿನಿಂದ ಕೈ ತೆಗೆದು ಸೀಟಿ ಊದಿದ. ಅವನ ಹಿಂದೆ ಉಳಿದ ಬಸ್ಸುಗಳೂ ಒಂದೊಂದು ದಾರಿ ಹಿಡಿದವು.

*

ಸಂಜೆಯ ಇಳಿಬಿಸಿಲು ಹೆಂಚಿನ ಮೇಲಕ್ಕೇರಿದಾಗ ಚಿಂತಾಮಣಿಯ ಬಸ್ಸು ನಿಲ್ದಾಣಕ್ಕೆ ಹೋಗದೆ ನೇರ ಬೀದಿಯೊಳಕ್ಕೇ ನುಗ್ಗಿತು. ಮಂಗಮ್ಮ ಕೈಯಲ್ಲಿ ಮೆಣಸಿನಕಾಯಿಯ ಘಾಟು ಹೊತ್ತೇ ಇಳಿದಳು. ಕಣ್ಣೊರೆಸಿಕೊಳ್ಳಲೂ ಆಗದೆ ಮುಂಗೈ ಮುಖಕ್ಕೊತ್ತಿಕೊಂಡು ಒಳಗೆ ಓಡಿದಳು.

"ಯಾರೂ ಇಳೀಬೇಡ್ರಪ್ಪ, ಈಗ ಹೊರಟ್ವಿ" ಎಂದ ರಾಮಾಂಜಿನಪ್ಪ.

ಮುಂದಿನ ಸೀಟಿನಲ್ಲಿದ್ದ ಕೈವಾರದ ಕಡೆಯ ಮುದುಕಿ ಆಗಲೇ ಮೆಟ್ಟಿಲ ಮೇಲಿದ್ದಳು. "ಇಷ್ಟು ವರ್ಷ ಬರೀ ಗಂಟಲು ಕೇಳಿದ್ದಾಯ್ತು. ಆವಯ್ಯ ಕರಿಯಾನೋ ಬಿಳಿಯಾನೋ ನೋಡ್ಬ್ಯಾಡ್ವೇನಪ್ಪ?"

ಅವಳ ಹಿಂದೆ ಇನ್ನೊಬ್ಬ ಇಳಿದ. ಆಮೇಲೆ ಕೋಳಿ ಹಿಡಿದವಳು, ಗೂಡಿನ ಬುಟ್ಟಿಯವನು, ಮದುವೆ ಕರೆಯಲು ಹೊರಟಿದ್ದ ದಂಪತಿ. ಟಿಕೆಟ್ಟು ಕೈಯಲ್ಲೇ ಹಿಡಿದುಕೊಂಡು ಗಂಗುಲಪ್ಪನ ಮನೆ ಬಾಗಿಲಿಂದ ಬೀದಿಯ ತುದಿಯವರೆಗೂ ಸಾಲು ನಿಂತರು. ಕತ್ತು ಉದ್ದ ಮಾಡಿ, ಮುಂದಿನವರ ಭುಜದ ಮೇಲಿಂದ ಇಣುಕುತ್ತ.

ಖಾಲಿ ಬಸ್ಸು ಗುರುಗುಟ್ಟುತ್ತಿತ್ತು. ಡ್ರೈವರು ಎಂಜಿನ್ನು ಆರಿಸಿ, ಕೆಳಗಿಳಿದು, ಸಾಲಿನ ಕೊನೆಗೆ ಹೋಗಿ ನಿಂತ.