ಎರಡೇಟು ಬಿದ್ದ ಏಳು

ಒಂದು ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರಲು ಆರು ಹಿತ್ತಾಳೆ ಬಿಲ್ಲೆ, ಕೈ ಜಾರದಂತೆ ಒಂದು ಅಡ್ಡತಟ್ಟೆ. ಏಳಕ್ಕೂ ಒಂದೇ ನಂಬರು ಹೊಡೆಯಬೇಕು. ಯುದ್ಧಕ್ಕಾಗಿ ಶಾಲೆ ಮುಚ್ಚಿಸಿ ಜಪಾನಿನ ಸೆಕಿ ಊರಿನ ಹುಡುಗಿಯರನ್ನೆಲ್ಲ ಕತ್ತಿ ಕಾರ್ಖಾನೆಗಳಿಗೆ ಅಟ್ಟಿದ ವರ್ಷ, ಹದಿನಾರರ ಚಿಸೆಗೆ ಕಲಿಸಿದ್ದು ಇಷ್ಟೇ. ಬಿಲ್ಲೆಗಳನ್ನು ಆಯಾ ಅಲಗಿನ ಅಳತೆಗೇ ಅರ ಹಾಕಿ ಉಜ್ಜಿರುತ್ತಾರೆ. ಒಂದರದು ಇನ್ನೊಂದಕ್ಕೆ ಹೋದರೆ ಹಿಡಿ ಸಡಿಲಾಗಿ ಗಡಗಡ ಅನ್ನುತ್ತದೆ. ಅದಕ್ಕೇ ನಂಬರು.

ಸೇನೆಯ ಅಧಿಕಾರಿಗಳು ತಮ್ಮ ಕತ್ತಿಯನ್ನು ತಾವೇ ಕೊಳ್ಳಬೇಕಿತ್ತು. ಆಗತಾನೆ ಲೆಫ್ಟಿನೆಂಟ್ ಆಗಿದ್ದ ಅವಳ ಅಣ್ಣ ಸೀಗೊ ಬರೆಸಿದ್ದ ಕತ್ತಿಯ ಚೀಟಿ ಅವಳ ಮೇಜಿಗೇ ಬಂತು. ನಂಬರು 379. ಚಳಿಗೆ ಬೆರಳು ಮರಗಟ್ಟಿದ್ದವು. ಮೊದಲ ಬಿಲ್ಲೆಯಲ್ಲಿ ಏಳರ ಅಚ್ಚು ಜಾರಿ ಎರಡು ಸಲ ಬಿತ್ತು. ಅಂಕಿಯ ಪಕ್ಕದಲ್ಲಿ ಅದರ ನೆರಳಿನ ಹಾಗೆ ಇನ್ನೊಂದು ಅಂಕಿ.

"ಏನಮ್ಮಾ, ಏಳಕ್ಕೆ ಅವಳಿ ಹುಟ್ಟಿದ್ಯಾ?" ಎಂದು ಮೇಸ್ತ್ರಿ ತಲೆಗೊಂದು ಮೊಟಕಿ ಹೋದ.

ಅವನು ಆಚೆ ಹೋದಮೇಲೆ ಚಿಸೆ ಉಳಿದ ಆರರಲ್ಲೂ ಏಳನ್ನು ಬೇಕೆಂದೇ ಎರಡು ಸಲ ಹೊಡೆದಳು. ಎಲ್ಲೇ ಬಿದ್ದಿದ್ದರೂ ಗುರುತು ಸಿಗಲಿ ಎಂದು. ನಂಬರನ್ನೂ ಎರಡೇಟಿನ ಗುಟ್ಟನ್ನೂ ಅಣ್ಣನಿಗೆ ಮಾತ್ರ ಹೇಳಿದ್ದಳು. ಅವನು ನಕ್ಕಿದ್ದ. "ಹಿಡಿಯೊಳಗೆ ಮುಚ್ಚಿಹೋಗೋ ನಂಬರಿಗೆ ಇಷ್ಟು ಒದ್ದಾಡ್ತೀಯಲ್ಲೇ. ಯಾರು ಬಿಚ್ಚಿ ನೋಡ್ತಾರೆ?"

ಮೂವತ್ತು ವರ್ಷ ಯಾರೂ ಬಿಚ್ಚಿ ನೋಡಲಿಲ್ಲ.

1974ರ ಅಕ್ಟೋಬರಿನ ಒಂದು ಮಧ್ಯಾಹ್ನ ಕತ್ತಿ ಅವರ ಮನೆಯ ಚಾಪೆಯ ಮೇಲೆ, ಬಿಳಿ ಬಟ್ಟೆಯಲ್ಲಿ ಮಲಗಿತ್ತು. ಎದುರಿಗೆ ಯುದ್ಧದಲ್ಲಿ ಮಡಿದವರ ಮನೆಯವರ ಸಂಘದ ಒಕುಮುರಾ ಕೂತಿದ್ದರು. ಪಕ್ಕದಲ್ಲಿ ಅಮ್ಮ, ಎಂಬತ್ತೊಂದರ ಮಿತ್ಸುನೊ, ಬೆನ್ನು ನೆಟ್ಟಗೆ ಮಾಡಿಕೊಂಡು. ಕಾಲೇಜಿನ ಗ್ರಂಥಾಲಯಕ್ಕೆ ರಜೆ ಹಾಕಿ ಬಂದ ಚಿಸೆ ಚಹಾದ ಬಟ್ಟಲುಗಳನ್ನು ಇಟ್ಟು, ಅಮ್ಮನ ಕೈಗಳನ್ನೇ ನೋಡುತ್ತಿದ್ದಳು.

ಹಿಡಿಯ ತುದಿಯಲ್ಲಿ ಬೆಳ್ಳಿಯ ಮನೆತನದ ಮುದ್ರೆ: ಮೂರೆಸಳಿನ ಹುಳಿಸೊಪ್ಪಿನ ಎಲೆ. ಕೆಳಗೆ ಕಂದು-ನೀಲಿ ಗೊಂಡೆ, ಕ್ಯಾಪ್ಟನ್ ದರ್ಜೆಯವರೆಗಿನ ಅಧಿಕಾರಿಗಳಿಗೆ ಕೊಡುತ್ತಿದ್ದ ಬಣ್ಣ.

"ನಮ್ಮ ಮುದ್ರೇನೇ," ಎಂದಳು ಅಮ್ಮ.

"ಅಜ್ಜಿ, ಆ ಎಲೆ ಅರ್ಧ ದೇಶದ ಗೋರಿಕಲ್ಲಿನ ಮೇಲಿದೆ. ನಮ್ಮತ್ತೆ ಮನೇದೂ ಅದೇ," ಎಂದರು ಒಕುಮುರಾ. "ಸೆಕಿ ಕಡೆಯ ಇನ್ನೆರಡು ಮನೆಗೂ ತೋರಿಸಿದೆ. ಅವರು ಅಲ್ಲ ಅಂದ್ರು." ಅವರು ಅಮೆರಿಕದಿಂದ ಬಂದ ಪತ್ರದ ಅನುವಾದ ಬಿಡಿಸಿ ಓದಿದರು. ಬರೆದವಳು ಅಯೋವಾದ ಒಬ್ಬ ವಿಧವೆ. ಯುದ್ಧದಲ್ಲಿ ಸೈನಿಕನಾಗಿದ್ದ ತನ್ನ ಗಂಡ ಸಾಯುವ ಮುಂಚೆ ಇದನ್ನು ಹಿಂದಿರುಗಿಸು ಎಂದಿದ್ದನಂತೆ. 1945ರ ಸೆಪ್ಟೆಂಬರಿನಲ್ಲಿ, ಯುದ್ಧ ಮುಗಿದಮೇಲೆ, ಫಿಲಿಪೀನ್ಸಿನ ಲುಜಾನ್ ದ್ವೀಪದ ಬೆಟ್ಟದಿಂದ ಜಪಾನಿ ಅಧಿಕಾರಿಗಳು ಸಾಲಾಗಿ ಇಳಿದು ಬಂದು ಕತ್ತಿ ಒಪ್ಪಿಸಿದರು. ಇದನ್ನು ಕೊಟ್ಟ ತರುಣ ಕೊಡುವ ಮುಂಚೆ ಅಂಗಿಯ ತೋಳಿನಿಂದ ಆ ಎಲೆಯ ಮುದ್ರೆಯನ್ನು ಒರೆಸಿದನಂತೆ.

ಒಕುಮುರಾ ಪತ್ರ ಮಡಿಸಿಟ್ಟರು. ಆಮೇಲೆ ಅಮ್ಮ ಕೇಳಿದಳು, ಮೆಲ್ಲಗೆ:

"ಸೆಪ್ಟೆಂಬರ್ ಅಂದ್ರಾ?"

ಸೀಗೊ ಸತ್ತದ್ದು ಅದೇ ವರ್ಷದ ಜೂನ್ ಹದಿನೇಳಕ್ಕೆ. ಸರ್ಕಾರದ ಕಾಗದದಲ್ಲಿ ಹಾಗೇ ಇತ್ತು. ಆ ಕಾಗದ ಬಂದದ್ದು ಯುದ್ಧ ಮುಗಿದು ಎರಡು ವರ್ಷದ ಮೇಲೆ. ಅಲ್ಲಿಯತನಕ ಅಮ್ಮ ಮಗನ ಹೆಸರು ಬರೆದ ಹಲಗೆ ಹಿಡಿದುಕೊಂಡು ದಿನಾ ನಗೋಯಾ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದಳು. ಹಡಗಿನಿಂದ ಇಳಿದು ಬಂದ ಸೈನಿಕರ ಮುಖಗಳನ್ನು ಕೈಯಿಂದ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಊಟ ಬಿಟ್ಟಿದ್ದಳು. ಕರೆತರಲು ಹೋದ ಚಿಸೆಯ ಕೈಯನ್ನು ಒಮ್ಮೆ ಕಚ್ಚಿದ್ದಳು. ಎರಡನೆಯ ಚಳಿಗಾಲ ಹಳಿಗಳ ಪಕ್ಕದಲ್ಲಿ ಬಿದ್ದಿದ್ದವಳನ್ನು ರೈಲ್ವೆಯವರು ಎತ್ತಿ ತಂದಿದ್ದರು. ಕೊನೆಗೆ ಕಾಗದ ಬಂತು, ಜೊತೆಗೆ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ. ಅದರಲ್ಲಿ ಮೂಳೆಯಿರಲಿಲ್ಲ, ಹೆಸರು ಬರೆದ ಮರದ ಚೂರಿತ್ತು. ಅಮ್ಮ ಎರಡು ದಿನ ಮಲಗಿ ಎದ್ದು, ಸೊಂಟಕ್ಕೆ ಬಟ್ಟೆ ಬಿಗಿದು ಮೂಲಂಗಿ ಉಪ್ಪಿನಕಾಯಿ ಹಾಕಲು ಕೂತಳು. ಮಗ ಸತ್ತದ್ದು ಖಚಿತವಾದ ದಿನ ಅಮ್ಮ ಬದುಕಿಕೊಂಡಳು. ಚಿಸೆ ಆ ತಾರೀಖನ್ನು ಮನೆಯ ಕಂಬದ ಹಾಗೆ ಕಾಯ್ದುಕೊಂಡು ಬಂದಿದ್ದಳು.

ಈ ವರ್ಷದ ಮಾರ್ಚಿನಲ್ಲಷ್ಟೇ, ಯುದ್ಧ ಮುಗಿದದ್ದನ್ನು ನಂಬದೆ ಫಿಲಿಪೀನ್ಸ್ ಕಾಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದ ಅಧಿಕಾರಿಯೊಬ್ಬ ಊರಿಗೆ ಮರಳಿದ್ದ. ಟಿವಿಯಲ್ಲಿ ಅವನನ್ನು ನೋಡಿ ಅಮ್ಮ, "ನಮ್ಮವನು ಜೂನಲ್ಲೇ ಹೋದ. ಪುಣ್ಯ ಮಾಡಿದ್ದ," ಎಂದು ಬಟನ್ ಒತ್ತಿ ಆರಿಸಿದ್ದಳು.

"ಒಳಗೆ ನಂಬರಿರುತ್ತೆ," ಎಂದಳು ಅಮ್ಮ ಈಗ ಒಕುಮುರಾಗೆ. "ಇವಳೇ ಹೊಡೆದದ್ದು. ಇವಳು ನೋಡಿ ಹೇಳಿದ್ರೆ ಮುಗೀತು."

"ಮುಂದಿನ ಮಂಗಳವಾರ ಗಿಫುವಿನಲ್ಲಿ ಸರ್ಕಾರದ ಕತ್ತಿ ಪರೀಕ್ಷೆ ಇದೆ. ಹೇಗಿದ್ರೂ ನೋಂದಣಿಗೆ ಅಲ್ಲಿ ಬಿಚ್ಚಲೇಬೇಕು," ಎಂದರು ಅವರು.

ಆ ಆರು ದಿನ ಚಿಸೆ ಒಂದನ್ನೇ ಬೇಡಿಕೊಂಡಳು: ಅದು ಅಣ್ಣನದಾಗದಿರಲಿ. ಮನೆಯಲ್ಲಿ ಅಮ್ಮ ಪೆಟ್ಟಿಗೆಯಿಂದ ಸೀಗೊವಿನ ಕಿಮೊನೊ ತೆಗೆದು ಗಾಳಿಗೆ ಹಾಕಿದ್ದಳು. ಅನ್ನದ ಬಟ್ಟಲನ್ನು ಅರ್ಧಕ್ಕೇ ದೂಡುತ್ತಿದ್ದಳು.

"ಪಾಸ್‌ಪೋರ್ಟಿಗೆ ಫೋಟೊ ಎಷ್ಟು ಬೇಕೇ?"

"ಅಮ್ಮಾ, ಇನ್ನೂ ನಂಬರು ನೋಡಿಲ್ಲ."

"ಅವನಿಗೀಗ ಐವತ್ತೆರಡು. ಕೂದಲು ಉದುರಿರುತ್ತೆ, ನಿಮ್ಮಪ್ಪನ ಹಾಗೆ. ನೀನು ಗುರುತು ಹಿಡೀತೀಯೋ ಇಲ್ವೋ. ನಾನಂತೂ ಹಿಡೀತೀನಿ."

ಮಂಗಳವಾರ ಪ್ರಾಂತ್ಯ ಕಚೇರಿಯ ಮೂರನೆಯ ಮಹಡಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಉದ್ದುದ್ದ ಗಂಟುಗಳನ್ನು ಮಡಿಲಲ್ಲಿಟ್ಟುಕೊಂಡ ಜನ ಸಾಲಾಗಿ ಕೂತಿದ್ದರು. ಪರೀಕ್ಷಕ ತಮಾಕಿ ಎಂಬ ಮುದುಕ, ಮೂಗಿನ ತುದಿಯಲ್ಲಿ ಕನ್ನಡಕ. ಮುಂದಿದ್ದವನಿಗೆ, "ನಿಮ್ಮಜ್ಜ ಇದರಲ್ಲಿ ಸೌದೆ ಸೀಳಿದ್ದಾರೆ, ಯುದ್ಧ ಮಾಡಿಲ್ಲ," ಎಂದು ಹೇಳಿ ಕಳಿಸಿದರು. ಆಮೇಲೆ ಇವರ ಸರದಿ.

ಅವರು ಹಿಡಿಯಲ್ಲಿದ್ದ ಬಿದಿರಿನ ಬೆಣೆಯನ್ನು ಪುಟ್ಟ ಸುತ್ತಿಗೆಯಿಂದ ಹೊರಗೆ ತಳ್ಳಿದರು. ಹಿಡಿಯನ್ನು ಹಿಡಿದು ಅಲಗನ್ನು ನೆಟ್ಟಗೆ ಮೇಲೆತ್ತಿ, ಆ ಕೈಯ ಮಣಿಕಟ್ಟಿಗೆ ಇನ್ನೊಂದು ಮುಷ್ಟಿಯಿಂದ ಗುದ್ದಿದರು. ಎರಡನೆಯ ಗುದ್ದಿಗೆ ಹಿಡಿ ಸಡಿಲಾಯಿತು. ಬಿಲ್ಲೆಗಳನ್ನೂ ಅಡ್ಡತಟ್ಟೆಯನ್ನೂ ಒಂದೊಂದಾಗಿ ಬಿಡಿಸಿ ಹಸಿರು ಬಟ್ಟೆಯ ಮೇಲೆ ಸಾಲಿಗಿಟ್ಟು, ದೀಪವನ್ನು ಹತ್ತಿರಕ್ಕೆ ಎಳೆದರು.

"ಮುನ್ನೂರ ಎಪ್ಪತ್ತೊಂಬತ್ತು. ಎಲ್ಲವೂ ಅದೇ. ಯಾರೂ ಕೈಯಾಡಿಸಿಲ್ಲ, ಕಟ್ಟಿದ ಹಾಗೇ ಇದೆ." ಅವರು ಒಂದನ್ನು ಎತ್ತಿ ನಕ್ಕರು. "ಈ ಏಳು ನೋಡಿ. ಎಲ್ಲದರಲ್ಲೂ ಎರಡೆರಡು ಏಟು. ಪಾಪ, ಯಾವುದೋ ಹಸಿದ ಹುಡುಗಿ."

ಚಿಸೆ ನೋಡಿದಳು. ನೋಡಬೇಕಾದ ಅಗತ್ಯವಿರಲಿಲ್ಲ. ಹಿತ್ತಾಳೆ ಅಂದಿನ ಹಾಗೆಯೇ ಹಳದಿಯಾಗಿತ್ತು. ಅಣ್ಣ ಸೆಪ್ಟೆಂಬರಿನಲ್ಲಿ ಬದುಕಿದ್ದ. ಬೆಟ್ಟದಿಂದ ನಡೆದು ಇಳಿದಿದ್ದ, ತೋಳಿನಿಂದ ಮುದ್ರೆ ಒರೆಸಿದ್ದ. ಆಮೇಲೆ? ಸೆರೆಯಾಳುಗಳ ಮುಳ್ಳುತಂತಿಯೊಳಗೆ ಜ್ವರ ಬಂದು, ಹೆಸರು ಹೇಳಲೂ ತ್ರಾಣವಿಲ್ಲದೆ ಯಾವುದೋ ಗುಂಡಿಗೆ ಬಿದ್ದನೇ? ಇಲ್ಲವೇ ಊರಿಗೆ ಬರುವುದೇ ಬೇಡ ಎಂದುಕೊಂಡನೇ? ಇಪ್ಪತ್ತೊಂಬತ್ತು ವರ್ಷ ಒಂದು ಸಾಲು ಕಾಗದವಿಲ್ಲ. ಇವುಗಳಲ್ಲಿ ಯಾವುದನ್ನೂ ಎಂಬತ್ತೊಂದರ ಹೆಂಗಸಿನ ಕೈಗೆ ಕೊಡಲಾಗದು.

"ಚಿಸೆ," ಎಂದಳು ಅಮ್ಮ. "ನಮ್ಮದಾ?"

"ಅಲ್ಲ."

"ಸರಿಯಾಗಿ ನೋಡು."

"ನೋಡಿದೆ, ಅಮ್ಮ. ಅಣ್ಣಂದು ಐನೂರ ಹನ್ನೆರಡು."

"ನೆನಪಿದ್ಯಾ ನಿನಗೆ? ಮೂವತ್ತು ವರ್ಷ ಆಯ್ತು."

"ನಾನೇ ಹೊಡೆದದ್ದಲ್ವಾ. ಹೇಗೆ ಮರೆಯುತ್ತೆ?"

ತಮಾಕಿ ಕನ್ನಡಕದ ಮೇಲಿಂದ ಚಿಸೆಯನ್ನೊಮ್ಮೆ ನೋಡಿದರು. ಅವಳ ಬಲಗೈ ಮೇಜಿನ ಅಂಚನ್ನು ಹಿಡಿದಿತ್ತು. ಅವರು ಅಲಗಿನ ಬುಡವನ್ನು ತಿರುಗಿಸಿ, ಅಲ್ಲಿದ್ದ ಸಣ್ಣ ಠಸ್ಸೆಯನ್ನು ತೋರಿಸಿದರು. ಕೈಯಿಂದ ಬಡಿದು ಮಾಡಿದ ಅಲಗಲ್ಲ, ಕಾರ್ಖಾನೆಯ ಕಬ್ಬಿಣ. ಕಾನೂನಿನಲ್ಲಿ ಇದಕ್ಕೆ ನೋಂದಣಿಯಿಲ್ಲ, ತುಂಡರಿಸಬೇಕು. ಹಿಡಿ, ಬಿಲ್ಲೆ, ಒರೆ ಬೇಕಿದ್ದರೆ ಒಯ್ಯಬಹುದು.

ಬೇರೆಯವರದಾದ ಮೇಲೆ ನಮಗೇಕೆ ಎಂದು ಅಮ್ಮ ಎದ್ದುಬಿಡುತ್ತಾಳೆ ಎಂದುಕೊಂಡಿದ್ದಳು ಚಿಸೆ. ಅಮ್ಮ ಏಳಲಿಲ್ಲ. ಬಿಲ್ಲೆಗಳನ್ನು ತಾನೇ ಎಣಿಸಿ ಕರವಸ್ತ್ರದಲ್ಲಿ ಕಟ್ಟಿದಳು.

"ಇನ್ಯಾರೋ ತಾಯಿದಲ್ವಾ ಇದು? ಅವಳಿಗೂ ಸುಳ್ಳು ತಾರೀಖು ಬರೆದು ಕಳಿಸಿರ್ತಾರೆ. ನಿನಗೆ ಬರೆಯೋಕೆ ಬರುತ್ತೆ. ಸಂಘದ ಪತ್ರಿಕೆಗೆ ಬರೆ."

ಬರೆಯುವುದಿಲ್ಲ ಎನ್ನಲು ಚಿಸೆಗೆ ಕಾರಣ ಬೇಕಿತ್ತು. ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವಂತಿರಲಿಲ್ಲ. ಅವಳು ಹಗಲೆಲ್ಲ ಕೂತು ಎಂಟು ಸಾಲು ಬರೆದಳು: ಮೂರೆಸಳಿನ ಎಲೆ, ಕಂದು-ನೀಲಿ ಗೊಂಡೆ, ಲುಜಾನ್, ಸೆಪ್ಟೆಂಬರ್. ನಂಬರನ್ನು ಮಾತ್ರ ಬಿಟ್ಟಳು.

ಒಂಬತ್ತು ಪತ್ರ ಬಂದವು. ಅಮ್ಮ ಒಂದೊಂದನ್ನೂ ಗಟ್ಟಿಯಾಗಿ ಓದಿಸಿದಳು. "ಇವಳ ಮಗ ಬರ್ಮಾದಲ್ಲಿ ಅಂತೆ, ತೆಗೆದಿಡು." "ಇದು ದೊಡ್ಡ ಅಧಿಕಾರಿದು, ಗೊಂಡೆ ಬಣ್ಣ ಬೇರೆ ಇರುತ್ತೆ ಅಂತ ಇವರಿಗೆ ಗೊತ್ತಿಲ್ವಾ?" ಕೊನೆಗೆ ಒಂದು ಉಳಿಯಿತು. ತೊಯಾಮದ ಇವಾಸೆ ಎಂಬಾಕೆ, ಎಪ್ಪತ್ತೊಂಬತ್ತು ವರ್ಷ, ಒಬ್ಬಳೇ ಇರುವವಳು. ಒಬ್ಬನೇ ಮಗ. ಲೆಫ್ಟಿನೆಂಟ್. ಲುಜಾನ್. ಅದೇ ಎಲೆ, ಸೆಕಿಯಲ್ಲೇ ಮಾಡಿಸಿದ ಕತ್ತಿ. ಅವನು ಜುಲೈನಲ್ಲಿ ಸತ್ತನೆಂದು ಕಾಗದ ಬಂದಿತ್ತು.

"ಇವಳದೇ," ಎಂದಳು ಅಮ್ಮ.

"ಖಚಿತವಾಗಿ ಹೇಳೋಕಾಗಲ್ಲ, ಅಮ್ಮ. ಅವರಿಗೆ ನಂಬರು ಗೊತ್ತಿಲ್ಲ."

"ಎಲ್ಲರ ಮನೇಲೂ ನಂಬರು ಹೊಡೆಯೋ ತಂಗಿ ಇರ್ತಾಳೇನೇ? ಕಳಿಸು."

ಚಿಸೆ ಅಣ್ಣನ ಹಿಡಿಯನ್ನು ಹತ್ತಿಯಲ್ಲಿ ಸುತ್ತಿದಳು. ಆರು ಬಿಲ್ಲೆ, ಒಂದು ಅಡ್ಡತಟ್ಟೆ. ಒಂದನ್ನಾದರೂ ಇಟ್ಟುಕೊಳ್ಳಲೇ ಎಂದು ಕೈ ತಡೆಯಿತು. ಅಮ್ಮ ಪಕ್ಕದಲ್ಲೇ ಕೂತು ಎಣಿಸುತ್ತಿದ್ದಳು.

ತಿಂಗಳು ಕಳೆದು ಉತ್ತರ ಬಂತು. ಮುದುಕಿಯ ಅಕ್ಷರ, ಕುಂಚದಲ್ಲಿ ಬರೆದದ್ದು, ಸಾಲು ಓರೆಯಾಗಿ ಇಳಿದಿತ್ತು. ಮಗ ಸೆಪ್ಟೆಂಬರಿನಲ್ಲಿ ಬದುಕಿದ್ದ ಎಂದು ತಿಳಿದಾಗಿನಿಂದ ನಿದ್ದೆಯಿಲ್ಲ ಎಂದು ಬರೆದಿದ್ದಳು. ಟೋಕಿಯೊ ಸಚಿವಾಲಯಕ್ಕೆ ಎರಡು ಸಲ ಹೋಗಿ ಬಂದೆ, ಅವರು ಕೂರಿಸಿ ಮಾತಾಡುವುದಿಲ್ಲ. ಮನೆಯ ಹಿತ್ತಲಿನ ಜಾಗ ಮಾರಿದ್ದೇನೆ. ಚಳಿ ಕಳೆದಮೇಲೆ ಮನಿಲಾಗೆ ಹೋಗುತ್ತೇನೆ. ಅವನ ಗೋರಿಯ ಮೇಲಿನ ತಾರೀಖನ್ನು ಕಲ್ಲುಕುಟಿಗನಿಂದ ಕೆತ್ತಿಸಿ ತೆಗೆಸಿಬಿಟ್ಟೆ. ನಿಮ್ಮ ಋಣ ಈ ಜನ್ಮದಲ್ಲಿ ತೀರುವುದಿಲ್ಲ.

ಗಟ್ಟಿಯಾಗಿ ಓದಿ ಮುಗಿಸಿ ಚಿಸೆ ಪತ್ರ ಮಡಿಸಿದಳು. ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಈಗೀಗ ಚೆನ್ನಾಗಿ ಊಟ ಮಾಡುತ್ತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು.

"ಒಬ್ಬಳಿಗಾದ್ರೂ ಆಸೆ ಬಂತಲ್ಲ. ಪೆನ್ನು ತಗೋ, ನಾನು ಹೇಳ್ತೀನಿ."

"ನಾಳೆ ಬರೆಯೋಣ, ಅಮ್ಮ."

"ನಾಳೆ ಯಾಕೆ? ಅವಳು ಕಾಯ್ತಿರ್ತಾಳೆ. ಬರೆ. ಧೈರ್ಯವಾಗಿರಿ, ನಿಮ್ಮ ಮಗ ಖಂಡಿತ ಎಲ್ಲೋ ಇದ್ದಾನೆ. ಹೊಟ್ಟೆ ತುಂಬ ಊಟ ಮಾಡಿ, ಹೋಗೋಕೆ ಶಕ್ತಿ ಬೇಕು ಅಂತ ಬರೆ."

ಚಿಸೆ ಕಾಗದವನ್ನು ನೇರ ಮಾಡಿಕೊಂಡು, ಅಮ್ಮ ಹೇಳಿದ್ದನ್ನು ಹಾಗೆಯೇ ಬರೆದಳು.