ನಾನೂರೈವತ್ತರ ಡೈ

ಸರಿಯಾದದ್ದು ಯಾವುದು — ಗಾಜಿನ ಕೌಂಟರಿನ ಮೇಲೆ ಎರಡು ಡೈ ಪೆಟ್ಟಿಗೆ, ಮುಚ್ಚಳ ತೆಗೆದರೆ ಗ್ರೀಸಿನ ವಾಸನೆ, ಉಕ್ಕಿನ ಅಚ್ಚು ಬೆರಳಿಗೆ ತಣ್ಣಗೆ, ಹೊರಗೆ ಗಲ್ಫಿನ ಈ ವಾದಿ ಅದಾಯ್‌ನ ರಸ್ತೆ ಹೆಂಚಿನ ಹಾಗೆ ಕಾದಿದೆ, ಒಳಗೆ ಎಸಿ ಇದ್ದೂ ಸುಭಾಸನ ಬೆನ್ನು ಒದ್ದೆ. ಬೇಟೆ ಬಂದೂಕಿನ ಈ ಅಂಗಡಿಯಲ್ಲಿ ಮೂರು ತಿಂಗಳ ಹಿಂದೆ ಇಬ್ಬರಿದ್ದರು, ಈಗ ಇವನೊಬ್ಬನೇ, ಇದ್ದುಕೋ ಮಗನೇ, ಇದನ್ನೇ ಅಲ್ಲವೇ ಬೇಡಿಕೊಂಡದ್ದು. ಸುಟ್ಟ ತೋಟಾದ ಹಿತ್ತಾಳೆ ಕವಚವನ್ನು ಡೈಯೊಳಗೆ ಒತ್ತಿದರೆ ಮೊದಲಿನ ಅಳತೆಗೆ ಬರುತ್ತದೆ, ಮತ್ತೆ ತುಂಬಬಹುದು, ಡೈ ತಪ್ಪಿದರೆ ಕವಚವೇ ಹೋಯಿತು, ಅದೂ ಅಂಗಡಿಯ ಮಾಲೀಕ ಅರ್ಬಾಬನ ಅಜ್ಜ ಜಾಂಜಿಬಾರಿನಿಂದ ತಂದ ಆನೆ ಬೇಟೆಯ ಬಂದೂಕಿನ ಕವಚ, ಇನ್ನು ಎಲ್ಲಿಂದ ತರುವುದು ಅಂಥದ್ದನ್ನು. ಅರ್ಬಾಬ್ ಬರೆದ ಚೀಟಿ ನಂಬಬೇಡಿ ಸುಭಾಸಣ್ಣ, ಕವಚದ ಬಾಯಿಗೆ ಕ್ಯಾಲಿಪರ್ ಇಡಿ, ಅದು ಸುಳ್ಳು ಹೇಳುದಿಲ್ಲ ಮಾರಾಯ್ರೆ — ಆ ಇನ್ನೊಬ್ಬ, ಮಹ್ರೂಫ್, ದಿನಾ ಹೇಳುತ್ತಿದ್ದ, ಉಪ್ಪಿನಂಗಡಿಯವನು, ಇದೇ ಸ್ಟೂಲಿನ ಮೇಲೆ ಕೂತು, ಅರ್ಧ ಸುಲೈಮಾನಿ ಚಹಾ ತಾನು ಕುಡಿದು ಅರ್ಧ ಇವನ ಕಡೆ ನೂಕಿ. ಇವನು ತಲೆಯಾಡಿಸುತ್ತಿದ್ದ, ಗದಗಿನ ಐಟಿಐಯಲ್ಲಿ ಟರ್ನರ್ ಆಗಿ ಬಂದವನಿಗೆ ಅಳತೆ ಹೇಳಿಕೊಡುತ್ತಾನೆ ಅವನೊಬ್ಬ ಅಂತ ಒಳಗೊಳಗೇ ಉರಿ. ಎರಡು ಸಾವಿರದ ಹದಿನಾರು, ಎಣ್ಣೆ ಬೆಲೆ ನೆಲ ಕಚ್ಚಿತ್ತು, ನಿಜ್ವಾ ಕಡೆಯ ಗಿರಾಕಿಗಳು ಬರುವುದೇ ನಿಂತಿತ್ತು, ರಂಜಾನ್ ಬರುವಷ್ಟರಲ್ಲಿ ಒಬ್ಬ ಸಾಕು ಅಂದುಬಿಟ್ಟ ಅರ್ಬಾಬ್. ಆ ಮಧ್ಯಾಹ್ನವೇ ಹೆಂಡತಿ ಪ್ರತಿಮಾಳ ಫೋನು, ಏನ್ರೀ, ಇಬ್ಬರೊಳಗ ಯಾರನ್ನ ಇಟ್ಕೋತಾನಂತ, ನಮ್ಮ ಮಾಧುರಿ ಹತ್ತನೇ ಕ್ಲಾಸರೆ ಇಲ್ಲೇ ಮುಗಸ್ಬೇಕ್ರೀ, ನೀವೂ ಸ್ವಲ್ಪ ಮುಂದ ಬಿದ್ದು ಕೆಲ್ಸ ಮಾಡ್ರಿ, ಹಿಂದ ನಿಂತ್ಕೊಂಡ್ರ ಯಾರು ನೋಡ್ತಾರ. ಮುಂದೆ ಬಿದ್ದ. ಮಹ್ರೂಫ್ ನಮಾಜಿಗೆ ಹೋಗಿದ್ದ, ಅರ್ಬಾಬ್ ಬಾಗಿಲಿಂದಲೇ ಚೀಟಿ ಎಸೆದು ಯಲ್ಲಾ, ಡೈ ಮಂಗಾವೋ ಅಂದು, ಒಳಗೆ ಯಾರಿದ್ದಾರೆಂದೂ ನೋಡದೆ ಹೋದ, ಇವನು ಮಹ್ರೂಫನ ಹೆಸರಿನಲ್ಲೇ ತೆರೆದಿದ್ದ ಕಂಪ್ಯೂಟರಿನ ಮುಂದೆ ಕೂತು ಆರ್ಡರ್ ಒತ್ತಿದ. ಚೀಟಿಯಲ್ಲಿ ಅರಬಿ ಅಂಕಿ, ಒಂದು ನಾಲ್ಕು, ಒಂದು ಗುಂಡು, ಒಂದು ಚುಕ್ಕೆ. ಹೊನ್ನಪ್ಪ ಮಾಸ್ತರು ಪಾಟಿಯ ಮೇಲೆ ತಿದ್ದಿಸಿದ್ದ ಗುಂಡು ಸೊನ್ನೆ, ಅದನ್ನು ಕಂಡ ಕಣ್ಣಿಗೆ ಬೇರೆ ಏನು ಕಾಣಬೇಕು, ಗುಂಡೂ ಸೊನ್ನೆ, ಚುಕ್ಕೆಯೂ ಸೊನ್ನೆ, ನಾನೂರು. ಅರಬಿಯಲ್ಲಿ ಚುಕ್ಕೆಯೇ ಸೊನ್ನೆ, ಗುಂಡು ಐದು, ನಾನೂರೈವತ್ತು! ಗಾಡಿಗಳ ನಂಬರಿನಲ್ಲಿ ಪಕ್ಕದಲ್ಲೇ ಇಂಗ್ಲಿಷ್ ಅಂಕಿಯೂ ಇರುತ್ತದಲ್ಲ, ಹನ್ನೊಂದು ವರ್ಷ ಅದನ್ನೇ ಓದಿ ತನಗೆ ಅರಬಿ ಬರುತ್ತದೆ ಅಂದುಕೊಂಡಿದ್ದ, ಥೂ. ಹಾಳಾದ ಕ್ಯಾಟಲಾಗಿನಲ್ಲಿ ನಾನೂರರ ಡೈ ಕೂಡ ಇತ್ತು, ಬಂತು, ಅರ್ಬಾಬ್ ತಾನೇ ಪ್ರೆಸ್ಸಿನ ಹಿಡಿಕೆ ಎಳೆದ, ಕರಕ್ಕೆಂದಿತು, ಅಜ್ಜನ ಕವಚ ಸುಕ್ಕಾಗಿ ಹೊರಗೆ ಬಂತು. ಕೌನ್ ಮಂಗಾಯಾ ಯೇ? ತರಿಸಿದ್ದು ಯಾರೆಂದರೆ ಕಂಪ್ಯೂಟರ್ ಮಹ್ರೂಫನ ಹೆಸರು ಹೇಳಿತು. ಮಹ್ರೂಫ್ ಚೀಟಿ ನೋಡಿದ, ಪರದೆ ನೋಡಿದ, ಇವನನ್ನು ನೋಡಿದ. ಇವನು ಕ್ಯಾಲಿಪರ್ ಒರೆಸುತ್ತಿದ್ದ. ಒಂದು ಮಾತು ಸಾಕಿತ್ತು, ನಾನ್ರೀ, ನಾನು ಮಾಡಿದ್ದು — ಒರೆಸಿದ್ದನ್ನೇ ಒರೆಸಿದ. ಖಲಾಸ್, ಅಂದ ಅರ್ಬಾಬ್, ಮಹ್ರೂಫನ ಕಡೆ ಬೆರಳು ಮಾಡಿ.

ಈಗ ಕವಚದ ಬಾಯಿ ಅಳೆಯುತ್ತಾನೆ, ಹನ್ನೊಂದೂವರೆ ಮಿಲಿಮೀಟರಿಗೆ ಒಂದು ಚೂರು ಹೆಚ್ಚು, ಎಡಗಡೆಯ ನಾನೂರೈವತ್ತರ ಪೆಟ್ಟಿಗೆಯೇ ಸರಿ, ನೋಡು, ಎಷ್ಟು ಸುಲಭ, ಅರ್ಧ ನಿಮಿಷದ ಕೆಲಸ. ಅರ್ಬಾಬ್ ಬಂದು ಹಿಡಿಕೆ ಎಳೆಯುತ್ತಾನೆ, ಕವಚ ಬೆಣ್ಣೆಯ ಹಾಗೆ ಒಳಗೆ ಹೋಗಿ ನೆಟ್ಟಗೆ ಹೊರಗೆ ಬರುತ್ತದೆ, ಬೆನ್ನು ತಟ್ಟುತ್ತಾನೆ, ದೇಖಾ, ಅಚ್ಛಾ ಹುವಾ ಉಸ್ಕೋ ಭೇಜ್ ದಿಯಾ, ತುಮ್ ಸಹೀ ಆದ್ಮಿ. ಅವನನ್ನು ಕಳಿಸಿದ್ದೇ ಒಳ್ಳೆಯದಾಯಿತಂತೆ, ಸರಿಯಾದ ಮನುಷ್ಯ ಇವನಂತೆ. ಹಾಂ ಅರ್ಬಾಬ್, ಅನ್ನುತ್ತದೆ ಬಾಯಿ, ಎಷ್ಟು ಬೇಗ ಅಂದುಬಿಡುತ್ತದೆ ಇದು, ಅವತ್ತು ಆಡಿದ್ದು ಕೈ ಮಾತ್ರ. ಮಹ್ರೂಫನ ಹೆಂಡತಿ ಶಹನಾ ಆಗ ಬಸುರಿ, ಗೊತ್ತಿತ್ತು, ಗೊತ್ತಿದ್ದೂ. ಹೋಗುವ ದಿನ ಮಹ್ರೂಫ್ ಇಲ್ಲೇ, ಈ ಬಾಗಿಲಲ್ಲಿ ಚೀಲ ಕೆಳಗಿಟ್ಟ, ಹೇಳಿಬಿಡು, ಈಗಲಾದರೂ ಹೇಳಿಬಿಡು ಅಂತ ಸ್ಟೂಲಿನಿಂದ ಎದ್ದ, ಅಷ್ಟರಲ್ಲಿ ಅವನೇ ಅಂದ, ಅರಬಿಯ ಐದು ಗುಂಡಗಿರ್ತದೆ ಸುಭಾಸಣ್ಣ, ನೆನಪಿಟ್ಕೊಳ್ಳಿ, ಇನ್ನು ಕೇಳ್ಲಿಕ್ಕೆ ನಾನಿರುದಿಲ್ಲ — ಸಿಟ್ಟಿಲ್ಲ, ಏನಿಲ್ಲ, ಎದುರು ನಿಂತು ಇವನ ಮಡಚಿಹೋಗಿದ್ದ ಕಾಲರನ್ನು ಎರಡು ಬೆರಳಲ್ಲಿ ಎತ್ತಿ ಸರಿಮಾಡಿದ, ಬೈದಿದ್ದರೆ, ಒಂದು ಬಿಟ್ಟಿದ್ದರೆ, ಇಲ್ಲ, ಎರಡು ಬೆರಳು, ಮೆಲ್ಲಗೆ, ಮದುವೆಗೆ ಹೊರಟವನ ಕಾಲರ್ ಸರಿಮಾಡಿದ ಹಾಗೆ, ಕುತ್ತಿಗೆಗೆ ತಾಗಿದ್ದವು, ಬೆಚ್ಚಗಿದ್ದವು, ಆ ಎರಡು ಬೆರಳು — ಎರಡು ಬೆರಳು —